ಹುತ್ತದ ಮೇಲೊಂದು ಟೋಪಿ

ಪದಬಂಧ ಕಟ್ಟುವವರಿಗೆ ಎರಡು ಮನೆಯ ಪದಗಳೇ ತಲೆನೋವು. ಉದ್ದದ ಪದಗಳು ಹೇಗೋ ಕೂತುಬಿಡುತ್ತವೆ. ಮೂಲೆಯಲ್ಲಿ ಉಳಿದ ಎರಡು ಮನೆಗೆ ‘ಟೋಪಿ’ಯಂಥದ್ದು ಬರುತ್ತದೆ, ‘ತಲೆಗೆ ಹಾಕುವುದು’ ಎಂಬ ಸವಕಲು ಸುಳಿವಿನೊಡನೆ.

ಹೊಸದಾಗಿ ಸೇರಿದ ಸಹೋದ್ಯೋಗಿಯೊಬ್ಬರು ಇದಕ್ಕೆ ‘ಆಫ್ರಿಕಾದ ಜಿಂಕೆ’ ಎಂದು ಬರೆದು ತಂದರು. ಟೋಪಿ ಎಂಬ ಪ್ರಾಣಿ ನಿಜಕ್ಕೂ ಇದೆ. ಆದರೆ ಅದು ವರ್ಷಕ್ಕೊಮ್ಮೆ ಕವಲುಗೊಂಬು ಉದುರಿಸುವ ಗುಂಪಿನದಲ್ಲ. ದನದ ಕುಟುಂಬಕ್ಕೆ ಸೇರಿದ ಹುಲ್ಲೆ. ಕೊಂಬು ಉದುರುವುದಿಲ್ಲ, ಹೆಣ್ಣಿಗೂ ಇರುತ್ತದೆ. ನನ್ನ ದೊಡ್ಡ ತಕರಾರು ಬೇರೆಯೇ ಇತ್ತು. ಆ ಹೆಸರೇ ಕೇಳದ ಓದುಗರಿಗೆ ಈ ಸುಳಿವಿನಿಂದ ಉತ್ತರದ ಹತ್ತಿರ ಹೋಗಲು ದಾರಿಯಿಲ್ಲ. ಗೊತ್ತಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅದು ರಸಪ್ರಶ್ನೆ, ಪದಬಂಧವಲ್ಲ.

ಸರಿ, ಪ್ರಾಣಿಯ ಬಗ್ಗೆ ಓದಲು ಕೂತೆವು. ಕೀನ್ಯಾದ ಮಸಾಯಿ ಮಾರಾ, ತಾಂಜಾನಿಯಾದ ಸೆರೆಂಗೆಟಿಯ ಹುಲ್ಲುಗಾವಲುಗಳಲ್ಲಿ ಇದು ಸಾಮಾನ್ಯ. ಕೆಂಗಂದು ಮೈ, ತೊಡೆಯ ಮೇಲೆ ನೀಲಿಗಪ್ಪು ಪಟ್ಟೆ, ಕೆಳಗಾಲಿಗೆ ಹಳದಿ ಕಾಲುಚೀಲ ತೊಟ್ಟ ಹಾಗೆ. ಗೆದ್ದಲ ಹುತ್ತ ಹತ್ತಿ ನಿಂತು ಸುತ್ತ ಕಣ್ಣಾಡಿಸುವುದು ಇದರ ಹೆಗ್ಗುರುತು. ಮಾರಾದ ಟೋಪಿಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೂ ಸೊಗಸಾಗಿದೆ. ಬೆದೆಗೆ ಬಂದ ಹೆಣ್ಣು ಗಂಡಿನ ಗಡಿ ದಾಟಿ ಹೊರಟಾಗ ಆ ಗಂಡು ಅತ್ತ ನೋಡುತ್ತಾ, ಸಿಂಹ ಕಂಡವನಂತೆ ಬುಸುಗುಟ್ಟುತ್ತದೆ. ಸಿಂಹವೂ ಇಲ್ಲ, ಚಿರತೆಯೂ ಇಲ್ಲ. ಹೆಣ್ಣು ಹಿಂಜರಿದು ಅಲ್ಲೇ ಉಳಿದರೆ ಗಂಡಿಗೆ ಕೂಡಲು ಇನ್ನೊಂದು ಅವಕಾಶ. ಟೋಪಿ ಹಾಕುವುದೆಂದರೆ ಇದೇ! ಆದರೆ ಉತ್ತರದ ಪದವನ್ನು ಸುಳಿವಿನಲ್ಲಿ ಬಳಸುವಂತಿಲ್ಲವಲ್ಲ, ಮನಸ್ಸಿಲ್ಲದೆ ಕೈಬಿಟ್ಟೆವು.

ತಲೆಯ ಟೋಪಿಗೆ ಇಷ್ಟು ಕಷ್ಟಪಡಲಿಲ್ಲ. ವಸಾಹತು ಕಾಲದ ಸೋಲಾ ಟೋಪಿ ನೆನಪಾದರೆ ಸಾಕು: ಜೌಗಿನ ಗಿಡದ ಬೆಂಡು, ಹಗುರ, ಬಿಸಿಲಿಗೆ ತಡೆ. ತಲೆಯ ಟೋಪಿಯ ಕೆಲಸ ನೆರಳು, ಹುಲ್ಲೆಯ ಕೆಲಸ ಕಾವಲು.

ಅಚ್ಚಿಗೆ ಹೋದದ್ದು ಹೀಗೆ: ‘ತಲೆಯ ಮೇಲಿದ್ದರೆ ನೆರಳು, ಹುತ್ತದ ಮೇಲಿದ್ದರೆ ಕಾವಲು (2)’.

ಪ್ರಾಣಿ ಗೊತ್ತಿಲ್ಲದವರಿಗೆ ಮೊದಲರ್ಧ ಕೈಹಿಡಿಯುತ್ತದೆ. ಆದರೆ ‘ಕೊಡೆ’, ‘ಛತ್ರಿ’ಗಳಿಗೂ ಎರಡೇ ಮನೆ, ಅವೂ ತಲೆಗೆ ನೆರಳೇ. ಹಾಗಾಗಿ ‘ಫೋಟೋ’ ಮೇಲಿನಿಂದ ಇಳಿದು ಮೊದಲ ಮನೆಗೆ ಬಂದು ನಿಲ್ಲುವಂತೆ, ‘ಪಿಸುಮಾತು’ ಎರಡನೇ ಮನೆಯಿಂದ ಕೆಳಗಿಳಿಯುವಂತೆ ಆ ಮೂಲೆಯನ್ನೇ ಮತ್ತೆ ಕಟ್ಟಿದೆವು.