ಈಸ್ಟ್ ಲೋಥಿಯನ್‌ನ ಕಲ್ಲಂಗಳದಲ್ಲಿ

ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಪೂರ್ವಕ್ಕೆ ರೈಲು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಈಸ್ಟ್ ಲೋಥಿಯನ್ ಪ್ರಾಂತ್ಯದ ಈಸ್ಟ್ ಲಿಂಟನ್ ಎಂಬ ಊರು ಸಿಗುತ್ತದೆ. ಇಳಿದವನು ನೇರವಾಗಿ ಹೋದದ್ದು ಪ್ರೆಸ್ಟನ್‌ಕರ್ಕ್ ಚರ್ಚಿನ ಸ್ಮಶಾನಕ್ಕೆ. 1786ರ ಸುಮಾರಿಗೆ ಒಕ್ಕಣೆ ಯಂತ್ರವನ್ನು ರೂಪಿಸಿದ ಆಂಡ್ರ್ಯೂ ಮೀಕಲ್‌ನ ಸಮಾಧಿ ಅಲ್ಲಿದೆ. ನಾನು ಬಂದದ್ದು ಇಲ್ಲಿನ ರೈತರ ಹಳೆಯ ಕಟ್ಟಡಗಳನ್ನು ನೋಡಲು. ಅವುಗಳ ಆಕಾರದಲ್ಲಿ ವಾಸ್ತುಶಿಲ್ಪಿಗಳಿಗಿಂತ ಈ ಗಿರಣಿಗಾರನ ಕೈವಾಡವೇ ಹೆಚ್ಚೆಂಬುದು ನನ್ನ ನಂಬಿಕೆ.

ಟೈನ್ ನದಿಯ ದಡದ ಪ್ರೆಸ್ಟನ್ ಗಿರಣಿಯನ್ನು ನೋಡಿಕೊಂಡು ಹೊಲಗಳ ನಡುವೆ ನಡೆದೆ. ಅನುಮತಿ ಪಡೆದು ಒಳಹೊಕ್ಕ ತೋಟದ ಮನೆ ಮೊದಲ ನೋಟಕ್ಕೆ ಕೋಟೆಯಂತಿತ್ತು: ಕೆಂಪು ಛಾಯೆಯ ಮರಳುಗಲ್ಲಿನ ಗೋಡೆಗಳು, ಹೊರಗೆ ಕಿಟಕಿಗಳೇ ಅಪರೂಪ. ಅಂಗಳವನ್ನು ಸುತ್ತುವರಿದ ಈ ಕಟ್ಟಡಗಳ ಸಮೂಹವನ್ನು ಸ್ಕಾಟರು ಸ್ಟೆಡಿಂಗ್ ಎನ್ನುತ್ತಾರೆ. ರೈತನ ವಾಸದ ಮನೆ ತುಸು ದೂರದಲ್ಲಿ, ತನ್ನ ಹೂದೋಟಕ್ಕೆ ಮುಖ ಮಾಡಿ ನಿಂತಿತ್ತು. ನಮ್ಮ ತೊಟ್ಟಿಮನೆಯಲ್ಲಿ ಅಂಗಳ ಮನೆಮಂದಿಯದು. ಇಲ್ಲಿ ಅದು ದನಗಳದು, ಹುಲ್ಲಿನದು, ಗೊಬ್ಬರದ್ದು.

ಉತ್ತರದ ಸಾಲಿನಲ್ಲಿ ಎತ್ತರದ ಒಕ್ಕಣೆ ಕೊಠಡಿ ಇತ್ತು. ಆಚೆಯ ಬಣವೆಗಳಿಂದ ಸಿವುಡುಗಳು ಒಳಬರುತ್ತಿದ್ದವು. ಕಾಳು ಒಂದೆಡೆಗೆ, ಹುಲ್ಲು ಪಕ್ಕದ ಕೊಠಡಿಗೆ. ಅಲ್ಲಿಂದ ದಕ್ಷಿಣದ ಬಿಸಿಲಿಗೆ ತೆರೆದ ದನದ ಅಂಗಳಕ್ಕೆ. ದನ ತುಳಿದ ಹುಲ್ಲೇ ಗೊಬ್ಬರವಾಗಿ ಮತ್ತೆ ಹೊಲ ಸೇರುತ್ತಿತ್ತು. ಹೊರೆ ಹೊತ್ತವರು ಒಂದು ಹೆಜ್ಜೆಯನ್ನೂ ವ್ಯರ್ಥವಾಗಿ ಇಡಬೇಕಾಗಿರಲಿಲ್ಲ. ಎತ್ತರದ ಉತ್ತರ ಸಾಲೇ ಚಳಿಗಾಳಿಗೂ ತಡೆ.

ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಒಕ್ಕಣೆ ಕೊಠಡಿಯ ಹೊರಗೋಡೆಗೆ ಅಂಟಿಕೊಂಡಿದ್ದ ದುಂಡನೆಯ ಕುದುರೆ ಮನೆ. ಕಲ್ಲುಕಂಬಗಳ ಮೇಲೆ ಶಂಕುವಿನಾಕಾರದ ಹೆಂಚಿನ ಮಾಡು. ಗಾಣದ ಎತ್ತುಗಳಂತೆ ಕುದುರೆಗಳು ಇಲ್ಲಿ ಸುತ್ತುತ್ತಿದ್ದವು. ಅವು ತಿರುಗಿಸಿದ ದೊಡ್ಡ ಹಲ್ಲುಚಕ್ರದ ಬಲ ಒಂದು ಅಡ್ಡ ದಂಡದ ಮೂಲಕ ಗೋಡೆ ದಾಟಿ ಮೀಕಲ್‌ನ ಯಂತ್ರವನ್ನು ಓಡಿಸುತ್ತಿತ್ತು. ಬೆವೆತ ಕುದುರೆಗಳಿಗೆ ಗಾಳಿಯಾಡಲೆಂದೇ ಕಂಬಗಳ ನಡುವೆ ಗೋಡೆಯಿಲ್ಲ. ಈಗ ಚಕ್ರವೂ ಇಲ್ಲ, ದಂಡವೂ ಇಲ್ಲ. ದಂಡ ಹಾದುಹೋಗುತ್ತಿದ್ದ ಚೌಕ ತೂತು ಮಾತ್ರ ಗೋಡೆಯಲ್ಲಿದೆ. ಅದರ ಅಂಚಿನ ಕಲ್ಲು ಎಣ್ಣೆ ಕುಡಿದು ಕಪ್ಪಾಗಿತ್ತು. ಬೆರಳಿಟ್ಟೆ, ನುಣುಪಾಗಿತ್ತು.

ಗಾಡಿ ನಿಲ್ಲಿಸುವ ಕಮಾನುಗಳ ಮೇಲೆಯೇ ಕಣಜ. ನೆಲದ ತೇವ ತಾಗದೆ, ಕೆಳಗಿನಿಂದ ಗಾಳಿ ಆಡುವಂತೆ ಕಾಳನ್ನು ಮಹಡಿಯಲ್ಲಿ ಇಡುತ್ತಿದ್ದರು. ಅಲ್ಲಿಗೆ ಹತ್ತುವ ಹೊರಗಿನ ಕಲ್ಲುಮೆಟ್ಟಿಲುಗಳು ನಡುವೆ ಬಟ್ಟಲಿನಂತೆ ಸವೆದಿದ್ದವು. ಮೇಲಿನಿಂದ ಮಾಡುಗಳನ್ನು ನೋಡಿದೆ. ಈ ಕರಾವಳಿಗೆ ಮೊದಲು ನೆದರ್‌ಲ್ಯಾಂಡ್ಸಿನಿಂದ ಬಂದು, ಆಮೇಲೆ ಇಲ್ಲೇ ತಯಾರಾದ ಬಾಗುಹೆಂಚು. ಸೂರಿನಂಚಿನ ಕೆಲವು ಸಾಲು ಮಾತ್ರ ಬೂದು ಸ್ಲೇಟು. ಕೆಂಪಿಗೆ ಹಾಕಿದ ಬೂದು ಅಂಚಿನ ಆ ಚೆಲುವನ್ನು ಯಾವ ಅರಮನೆಯಲ್ಲೂ ನಾನು ಕಂಡಿಲ್ಲ.

ವಾಪಸು ಬರುವಾಗ ವಾಸಕ್ಕೆಂದು ಬದಲಾಯಿಸಿದ ಮತ್ತೊಂದು ಸ್ಟೆಡಿಂಗ್ ದಾರಿಯಲ್ಲಿ ಸಿಕ್ಕಿತು. ಗಾಡಿಯ ಕಮಾನುಗಳಿಗೆ ಗಾಜು ಬಂದಿತ್ತು, ಕುದುರೆ ಮನೆಯೊಳಗೆ ಊಟದ ಮೇಜು ಕಾಣುತ್ತಿತ್ತು. ಕೆಡವದೆ ಉಳಿಸಿದ್ದಾರಲ್ಲ ಎಂದು ಮನಸಾರೆ ಸಂತೋಷಪಟ್ಟೆ. ಆದರೆ ಮೇಜಿನ ಹಿಂದಿನ ಗೋಡೆಯಲ್ಲಿ ಆ ಚೌಕ ತೂತನ್ನು ಹುಡುಕಿದಾಗ, ಅದಿದ್ದ ಜಾಗದಲ್ಲಿ ಹೊಸ ಗಾರೆಯ ಬಿಳಿ ತೇಪೆ ಇತ್ತು. ರೈಲು ಹತ್ತುವವರೆಗೂ ಅದು ಕಣ್ಣಿಂದ ಹೋಗಲಿಲ್ಲ.