ಪ್ರತಿಮೆ ದೊಡ್ಡದಿದ್ದರೆ ಸಮಾಧಿ ಅಲ್ಲ

ಬೆಂಗಳೂರಿನಿಂದ ಯುರೋಪಿಗೆ ಗುಂಪು ಕರೆದುಕೊಂಡು ಹೋಗುವ ಟೂರ್ ಮ್ಯಾನೇಜರ್ ಕೆಲಸ ನನ್ನದು. ಸೂಟ್‌ಕೇಸಿನಲ್ಲಿ ಒಡೆದ ಉಪ್ಪಿನಕಾಯಿ ಬಾಟಲಿಯಿಂದ ಹಿಡಿದು ಐಸಾಕ್ ನ್ಯೂಟನ್‌ವರೆಗೆ ಎಲ್ಲದಕ್ಕೂ ನಾನೇ ಉತ್ತರ ಕೊಡಬೇಕು.

ಮೊದಲ ವರ್ಷ ಲಂಡನ್ನಿನಲ್ಲಿ ಬಸ್ಸಿನ ಮೈಕ್ ಹಿಡಿದು, "ಈಗ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಶೇಕ್ಸ್‌ಪಿಯರ್ ಸಮಾಧಿ ತೋರಿಸ್ತೀನಿ" ಅಂದುಬಿಟ್ಟೆ. ಆ ಹಳೇ ಚರ್ಚಿನ 'ಕವಿಗಳ ಮೂಲೆ'ಯಲ್ಲಿ ಅವನ ಆಳೆತ್ತರದ ಅಮೃತಶಿಲೆ ಪ್ರತಿಮೆ ಇದೆ. ಫೋಟೋದಲ್ಲಿ ನೋಡಿದ್ದೆ, ಅಷ್ಟೇ. ಗುಂಪಿನಲ್ಲಿ ಒಬ್ಬರು ನಿವೃತ್ತ ಇಂಗ್ಲಿಷ್ ಮೇಷ್ಟ್ರಿದ್ದರು. ಎಲ್ಲರ ಮುಂದೆ ಏನೂ ಹೇಳಲಿಲ್ಲ. ಹೊರಗೆ ಬಂದ ಮೇಲೆ ಪಕ್ಕಕ್ಕೆ ಕರೆದರು. "ಏನಪ್ಪಾ, ಅವನನ್ನ ಹೂತಿರೋದು ಅವನ ಹುಟ್ಟೂರು ಸ್ಟ್ರಾಟ್‌ಫರ್ಡ್‌ನಲ್ಲಿ. ನಾಳಿದ್ದು ಅಲ್ಲಿಗೂ ಕರ್ಕೊಂಡು ಹೋಗ್ತೀಯಲ್ಲ, ಆಗ ಏನು ಹೇಳ್ತೀಯಾ?"

ಪ್ರತಿಮೆ ಕೆತ್ತಿದ್ದು ಶೇಕ್ಸ್‌ಪಿಯರ್ ಸತ್ತು ನೂರಿಪ್ಪತ್ತು ವರ್ಷ ಕಳೆದ ಮೇಲೆ. ಕಾದಂಬರಿಗಾರ್ತಿ ಜೇನ್ ಆಸ್ಟಿನ್ ಹೆಸರಿನ ಫಲಕವೂ ಅಲ್ಲೇ ಇದೆ, ಆಕೆಯನ್ನು ಹೂತಿದ್ದು ವಿಂಚೆಸ್ಟರಿನಲ್ಲಿ. ಆ ರಾತ್ರಿ ಹೋಟೆಲಿನಲ್ಲಿ ಒಂದು ನೋಟ್‌ಬುಕ್ಕಿಗೆ ಮೂರು ಗೆರೆ ಎಳೆದೆ: ದೇಹ, ಬೂದಿ, ಬರೀ ಹೆಸರು. ಅಬ್ಬೆಯಲ್ಲಿ ಹೂತವರು, ನೆನಪಿನ ಕಲ್ಲು ಇರುವವರು ಎಲ್ಲ ಸೇರಿ 3,300ಕ್ಕೂ ಜಾಸ್ತಿ. ಇದನ್ನು ಬಾಯಿಪಾಠ ಮಾಡಿ ಮುಗಿಯುವುದಿಲ್ಲ. ಕಲ್ಲು ಓದುವುದನ್ನೇ ಕಲಿಯಬೇಕು.

ಕಲಿತದ್ದು ಇಷ್ಟು: ಗೋಡೆ ಬಿಡಿ, ನೆಲ ನೋಡಿ. 1727ರಲ್ಲಿ ತೀರಿಕೊಂಡ ನ್ಯೂಟನ್‌ಗೆ ಭಾರೀ ಸ್ಮಾರಕವಿದೆ, ಜನ ಅಲ್ಲೇ ನಿಂತುಬಿಡುತ್ತಾರೆ. ಆದರೆ ಅವನು ಇರುವುದು ಅದರ ಮುಂದಿನ ನೆಲಗಲ್ಲಿನ ಕೆಳಗೆ. ಆ ಕಲ್ಲಿನ ಮೇಲೆ ಲ್ಯಾಟಿನ್ನಿನಲ್ಲಿ, ಐಸಾಕ್ ನ್ಯೂಟನ್ನನಲ್ಲಿ ಅಳಿಯುವಂಥದ್ದು ಏನಿತ್ತೋ ಅದು ಇಲ್ಲಿದೆ ಅಂತ ಬರೆದಿದೆ. 2018ರಲ್ಲಿ ಸ್ಟೀಫನ್ ಹಾಕಿಂಗ್ ಕಲ್ಲಿಗೂ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹಾಕಿದರು, ಜೊತೆಗೆ ಅವರದೇ ಸೂತ್ರ. ಒಂದು ಪಕ್ಕ ನ್ಯೂಟನ್, ಇನ್ನೊಂದು ಪಕ್ಕ ಡಾರ್ವಿನ್. ನನ್ನ ನೋಟ್‌ಬುಕ್ಕಿನಲ್ಲಿ ಹಾಕಿಂಗ್ 'ಬೂದಿ' ಸಾಲಿನಲ್ಲಿದ್ದಾರೆ. ಇದನ್ನು ಹೇಳಿದರೆ ನಮ್ಮವರು ತಪ್ಪದೆ ಕೇಳುತ್ತಾರೆ: "ಓ, ಇವರಲ್ಲೂ ಸುಡ್ತಾರಾ?"

ಮೂರು ಸಾಲಿಗೆ ಬಗ್ಗದವರೂ ಇದ್ದಾರೆ. ಆಫ್ರಿಕಾ ಸುತ್ತಿದ ಅನ್ವೇಷಕ ಲಿವಿಂಗ್‌ಸ್ಟನ್ ದೇಹ ಇಲ್ಲಿದೆ, ಹೃದಯ ಅಲ್ಲಿ. 1873ರಲ್ಲಿ ಅವನು ಸತ್ತ ಜಾಗದಲ್ಲೇ ಹೃದಯ ಹೂತು, ಅವನ ಆಫ್ರಿಕನ್ ಸೇವಕರಾದ ಸೂಸಿ, ಚೂಮಾ ಮತ್ತು ಜೊತೆಗಾರರು ಉಳಿದ ದೇಹವನ್ನು ತಿಂಗಳುಗಟ್ಟಲೆ ಹೊತ್ತು ನಡೆದು ಕರಾವಳಿ ಮುಟ್ಟಿಸಿದರು. ಕವಿ ಬೆನ್ ಜಾನ್ಸನ್‌ನನ್ನು ನಿಲ್ಲಿಸಿಯೇ ಹೂತಿದ್ದಾರೆ. ಮೊದಲನೇ ಎಲಿಜಬೆತ್ ರಾಣಿಯ ಗೋರಿಯಲ್ಲಿ ಅಕ್ಕ ಮೇರಿಯೂ ಇದ್ದಾಳೆ. ಈ ಅಕ್ಕನೇ ತಂಗಿಯನ್ನು ಒಮ್ಮೆ ಲಂಡನ್ ಟವರ್ ಕೋಟೆಯ ಸೆರೆಮನೆಗೆ ಹಾಕಿಸಿದ್ದಳು. ಮೇಲೆ ಮಲಗಿರುವ ಶಿಲೆ ಮಾತ್ರ ತಂಗಿಯದೊಂದೇ. ಇಲ್ಲಿ ಗುಂಪಿನ ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಗುತ್ತಾರೆ, ಯಾಕೋ!

ನೆಲ ನೋಡಲು ಹೇಳಿದ್ದರ ಫಲವೂ ಕಂಡಿದ್ದೇನೆ. ಹಾಸನದ ಕಡೆಯ ಒಬ್ಬ ಅಜ್ಜಿ ಸೆರಗು ಬಿಗಿದುಕೊಂಡು, ಅಕ್ಷರ ಇರುವ ಕಲ್ಲುಗಳನ್ನೆಲ್ಲ ತಪ್ಪಿಸಿ, ಕುಂಟೆಬಿಲ್ಲೆ ಆಡುವ ಹಾಗೆ ಹೆಜ್ಜೆ ಹಾಕಿದರು. "ಸತ್ತೋರ ಮೇಲೆ ಕಾಲಿಡೋದೇನಪ್ಪಾ?" ಇಪ್ಪತ್ತು ನಿಮಿಷ ತಡವಾಯಿತು. ಅವರನ್ನು ಅಜ್ಞಾತ ಯೋಧನ ಸಮಾಧಿ ಹತ್ತಿರ ಕರೆದುಕೊಂಡು ಹೋದೆ. ಮೊದಲ ಮಹಾಯುದ್ಧದಲ್ಲಿ ಸತ್ತ, ಯಾರೆಂದು ಗೊತ್ತಿಲ್ಲದ ಒಬ್ಬ ಸೈನಿಕ. 1920ರಲ್ಲಿ ಹೂತದ್ದು, ಸುತ್ತ ಕೆಂಪು ಗಸಗಸೆ ಹೂ. ಇಡೀ ಅಬ್ಬೆಯಲ್ಲಿ ಯಾರೂ ತುಳಿಯದ ನೆಲಗಲ್ಲು ಇದೊಂದೇ, ರಾಜಮನೆತನದ ಮದುಮಗಳೂ ಬಳಸಿಕೊಂಡೇ ಹೋಗಬೇಕು ಅಂದೆ. "ಹೆಸರೇ ಇಲ್ಲದೋನಿಗೆ!" ಅಂದು ಅಜ್ಜಿ ಕೈಮುಗಿದರು.

ಈಗ ಕೊನೆಗೆ ಐರ್ ಕೂಟ್ ಸ್ಮಾರಕಕ್ಕೆ ಕರೆದೊಯ್ಯುತ್ತೇನೆ. 1781ರಲ್ಲಿ ತಮಿಳುನಾಡಿನ ಪೋರ್ಟೊ ನೊವೊದಲ್ಲಿ ಹೈದರಾಲಿಯನ್ನು ಸೋಲಿಸಿದ ಈಸ್ಟ್ ಇಂಡಿಯಾ ಕಂಪನಿ ಸೇನಾಪತಿ. ಅವನ ಪಾಲಿನ ಕಲ್ಲಿನಲ್ಲಿ ತಲೆ ತಗ್ಗಿಸಿ ಕೂತ ಒಬ್ಬ ಭಾರತೀಯ ಸೆರೆಯಾಳಿನ ಶಿಲ್ಪವೂ ಇದೆ. ಹೋದ ಸಲ ಮೈಸೂರಿನವರೊಬ್ಬರು ಆ ಸೆರೆಯಾಳನ್ನೇ ಬಹಳ ಹೊತ್ತು ನೋಡಿದರು.

"ಈ ಕೂಟನೂ ಇಲ್ಲೇ ಇದಾನಾ?"

"ಇಲ್ಲ ಸಾರ್. ಸತ್ತಿದ್ದು ಮದ್ರಾಸಿನಲ್ಲಿ, ಹೂತಿದ್ದು ಹ್ಯಾಂಪ್‌ಶೈರಿನ ಒಂದು ಹಳ್ಳಿಯಲ್ಲಿ. ಇಲ್ಲಿರೋದು ಬರೀ ಹೆಸರು."