ಬೀರುವಿನ ಕೀಲಿಯೂ ಮೈಸೂರು ನೋಡಿತು

ದಸರಾ ಮುಗಿದು ನಾಲ್ಕೇ ದಿನ. ಮೈಸೂರಿನಲ್ಲಿ ನಮ್ಮಂಥ ಲೈಬ್ರೇರಿಯನ್‌ಗಳಿಗೆ ಎರಡು ದಿನದ ತರಬೇತಿ. ಶಿವಮೊಗ್ಗದಲ್ಲಿ ರೈಲು ಹತ್ತಿದೆ.

ಶರದೃತು ಅಂದರೆ ಕವಿಗಳಿಗೆ ತಿಳಿ ಆಕಾಶ, ಬೆಳದಿಂಗಳು. ನಮ್ಮ ಕಾಲೇಜಿನ ಲೈಬ್ರರಿಯಲ್ಲಿ ಹಾಗಲ್ಲ. ಮಳೆಗಾಲವಿಡೀ ಥಂಡಿ ಹಿಡಿದ ಪುಸ್ತಕಗಳನ್ನು ಕಿಟಕಿ ಪಕ್ಕ ಹರಡಬೇಕು. ಆಯುಧಪೂಜೆಗೆ ಬಾರ್‌ಕೋಡ್ ಸ್ಕ್ಯಾನರಿಗೂ ಕುಂಕುಮ ಇಡಬೇಕು. ಈ ಸಲ ಅಟೆಂಡರ್ ಭಕ್ತಿ ಸ್ವಲ್ಪ ಜಾಸ್ತಿಯಾಗಿ ಅದರ ಗಾಜಿಗೇ ಇಟ್ಟುಬಿಟ್ಟಿದ್ದ. ಇನ್ನು ಪುಸ್ತಕ ವಾಪಸ್ ಕೊಡದ ಹುಡುಗನೊಬ್ಬ, "ಮೇಡಂ, ಸರಸ್ವತಿ ಪೂಜೆಗೆ ಇಟ್ಟಿದ್ದೆ, ಮುಟ್ಟೋ ಹಾಗಿರಲಿಲ್ಲ" ಅಂದ. ಹೇಗೆ ದಂಡ ಹಾಕುವುದು, ಹೇಳಿ.

ಅರಸೀಕೆರೆ ದಾಟಿದ ಮೇಲೆ ತೆಂಗಿನ ತೋಟ, ರಾಗಿ ಹೊಲ. ರಾಗಿ ಸಾಲುಗಳ ನಡುವೆ ಹುಚ್ಚೆಳ್ಳು ಹಳದಿ ಹೂ ಬಿಟ್ಟಿತ್ತು. ಅದನ್ನೇ ನೋಡುತ್ತಾ ಟಿಕೆಟ್‌ಗೆ ಅಂತ ಬ್ಯಾಗಿಗೆ ಕೈ ಹಾಕಿದೆ. ಕೈಗೆ ಸಿಕ್ಕಿದ್ದು ರೆಫರೆನ್ಸ್ ಬೀರುವಿನ ಕೀಲಿ. ಇರುವುದು ಅದೊಂದೇ. ಇತಿಹಾಸದ ಮೇಷ್ಟ್ರು ಆ ಬೀರುವಿನ ಗೆಜೆಟಿಯರ್ ನಾಳೆ ಬೇಕೇ ಬೇಕು ಅಂದಿದ್ದರು.

ತರಬೇತಿಯಲ್ಲಿ ಕಲಿತದ್ದು ಲೈಬ್ರರಿ ಕೆಲಸಕ್ಕೆಂದೇ ಇರುವ ಕೋಹಾ ಎಂಬ ತಂತ್ರಾಂಶ. ನ್ಯೂಜಿಲೆಂಡಿನ ಒಂದು ಲೈಬ್ರರಿಗಾಗಿ ಹುಟ್ಟಿ, 2000ದಲ್ಲಿ ಬಳಕೆಗೆ ಬಂದದ್ದು. ಯಾರು ಬೇಕಾದರೂ ದುಡ್ಡಿಲ್ಲದೆ ಬಳಸಬಹುದು. ಮಾವೋರಿ ಭಾಷೆಯಲ್ಲಿ ಕೋಹಾ ಅಂದರೆ ಉಡುಗೊರೆ ಅಂತೆ. ಪಾಠದ ನಡುವೆ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಲೈಬ್ರರಿಗಳಿಗೆಂದು ಬರೆದ ಪಂಚಸೂತ್ರಗಳೂ ಬಂದವು. 1931ರಲ್ಲಿ ಅಚ್ಚಾದವು. ನಾಲ್ಕನೆಯದು, ಓದುಗರ ಸಮಯ ಉಳಿಸಿ. ನಾನು ಬ್ಯಾಗನ್ನು ಮೆಲ್ಲಗೆ ಕುರ್ಚಿಯ ಕೆಳಗೆ ತಳ್ಳಿದೆ.

ಸಂಜೆ ಸುಮ್ನೆ ಸುತ್ತಲು ಹೊರಟೆ. ಬೀದಿಯಲ್ಲಿ ದಸರಾ ದೀಪದ ಸರಗಳನ್ನು ಬಿಚ್ಚಿ ಸುತ್ತುತ್ತಿದ್ದರು. ದೇವರಾಜ ಮಾರುಕಟ್ಟೆಯಲ್ಲಿ ಹಬ್ಬದಲ್ಲಿ ಉಳಿದ ಚೆಂಡು ಹೂವು ಅಗ್ಗವಾಗಿತ್ತು. ಅಲ್ಲಿಂದ ಪ್ರಾಚ್ಯವಿದ್ಯಾ ಸಂಶೋಧನಾಲಯದ ಕಟ್ಟಡದ ಮುಂದೆ ಹೋಗಿ ನಿಂತೆ. 1891ರಲ್ಲಿ ಶುರುವಾದ ಸಂಸ್ಥೆ. ಓಲೆಗರಿಗಳನ್ನು ಮಜ್ಜಿಗೆ ಹುಲ್ಲಿನ ಎಣ್ಣೆ ಸವರಿ ಕಾಪಾಡುವ ಜಾಗ. 1905ರಲ್ಲಿ ತಂಜಾವೂರು ಕಡೆಯ ಪಂಡಿತರೊಬ್ಬರು ಗ್ರಂಥ ಎಂಬ ಹಳೆಯ ಲಿಪಿಯ ಒಂದು ಓಲೆಕಟ್ಟು ತಂದುಕೊಟ್ಟರು. ಆಗ ಲೈಬ್ರೇರಿಯನ್ ಆಗಿದ್ದ ಆರ್. ಶಾಮಶಾಸ್ತ್ರಿಗಳು ಓದಿ ನೋಡಿದರೆ, ಅದು ಕೌಟಿಲ್ಯನ ಅರ್ಥಶಾಸ್ತ್ರ! 1909ರಲ್ಲಿ ಅಚ್ಚು ಹಾಕಿಸಿದರು. ಬಂದ ಕಟ್ಟನ್ನು ಬಿಚ್ಚಿ ಓದಿದರು, ಅಷ್ಟೇ. ಆ ಅಷ್ಟೇ ಎಷ್ಟು ದೊಡ್ಡದು! ಅವರದೂ ನನ್ನದೂ ಒಂದೇ ಕೆಲಸ ಅಂತ ಹೆಮ್ಮೆ ಪಡಲು ಹೊರಟೆ. ಬ್ಯಾಗಿನಲ್ಲಿ ಕೀಲಿ ಕಿಣಿ ಅಂದಿತು.

ಇನ್ನು ತಡೆಯಲಾಗದೆ ಅಟೆಂಡರ್‌ಗೆ ಫೋನ್ ಮಾಡಿದೆ. "ಕೀಲಿ ನನ್ನ ಹತ್ರ ಬಂದುಬಿಟ್ಟಿದೆ ಕಣಪ್ಪಾ. ರಾತ್ರಿ ಬಸ್ಸಿನ ಡ್ರೈವರ್ ಕೈಲಿ ಕಳಿಸಲಾ?"

"ಯಾವ ಕೀಲಿ ಮೇಡಂ? ಗೆಜೆಟಿಯರ್ ಬೆಳಿಗ್ಗೇನೇ ಕೊಟ್ಟಾಯ್ತಲ್ಲ."

"ಬೀಗ ಹಾಕಿದ್ದೆನಲ್ಲೋ!"

"ಹಾಕಿರ್ತೀರಿ. ಬಾಗಿಲು ಒಂಚೂರು ಎತ್ತಿ ಎಳೆದ್ರೆ ಬರುತ್ತೆ ಮೇಡಂ. ಹಳೇ ಸಾರ್ ಕಾಲದಿಂದಲೂ ಹಂಗೇ ತೆಗೆಯೋದು."